ಈಡು ಕಳೆದ ತೋಟಾ ಮತ್ತು ಹಿತ್ತಾಳೆಯ ಹದ

ಮಲೆನಾಡಿನ ಕಥೆ ಕಾದಂಬರಿಗಳನ್ನು ಪಾಠ ಹೇಳುವ ಉಪಾಧ್ಯಾಯರಿಗೆ ಕೋವಿ, ತುಪಾಕಿ, ಈಡು, ಚರೆ, ಕೇಪು, ತೋಟಾ ಎಂಬ ಶಬ್ದಗಳು ಮತ್ತೆ ಮತ್ತೆ ಎದುರಾಗುತ್ತವೆ. ಇವುಗಳಲ್ಲಿ ಕೆಲವನ್ನು ‘ಬಂದೂಕು’ ಎಂದೂ ಉಳಿದವನ್ನು ‘ಗುಂಡು’ ಎಂದೂ ಅರ್ಥಹೇಳಿ ಮುಂದೆ ಸಾಗುವುದು ಸುಲಭ. ಆದರೆ ತೋಟಾ ಎಂಬುದು ಗುಂಡಲ್ಲ. ಗುಂಡು ಅದರ ನಾಲ್ಕು ಅಂಗಗಳಲ್ಲಿ ಒಂದು ಮಾತ್ರ. ಉಳಿದ ಮೂರು ಯಾವುವೆಂದರೆ ಮದ್ದು, ಕೇಪು, ಮತ್ತು ಇವೆಲ್ಲವನ್ನೂ ಒಡಲಲ್ಲಿ ಹಿಡಿದಿರುವ ಹಿತ್ತಾಳೆಯ ಕೋಶ. ಕೋವಿ ಹಾರಿದಾಗ ಗುಂಡು ಹೋಗುತ್ತದೆ, ಮದ್ದು ಉರಿಯುತ್ತದೆ, ಕೇಪು ಸತ್ತುಹೋಗುತ್ತದೆ, ಕೋಶವೊಂದೇ ಹಿಂದಿರುಗುತ್ತದೆ. ಹಿಂದಿರುಗಿದ ಈ ಕೋಶವನ್ನು ಮತ್ತೊಂದು ಈಡಿಗೆ ಅಣಿಮಾಡುವ ಕ್ರಮವೇನು, ಆ ಕ್ರಮದ ಹಿಂದಿರುವ ಲೋಹತತ್ತ್ವವೇನು, ಕಡೂರು, ತರೀಕೆರೆ, ಅಜ್ಜಂಪುರಗಳ ಸೀಮೆಯ ಅನುಭವಕ್ಕೆ ಅದು ಎಲ್ಲಿ ತಾಗುತ್ತದೆ ಎಂಬುದು ಇಲ್ಲಿಯ ವಿಷಯ.

೧. ಶಬ್ದಗಳು

ಕೋವಿ ಎಂದರೆ ಮೂಲತಃ ಕೊಳವೆ, ನಳಿಗೆ. ಅಚ್ಚ ಕನ್ನಡದ ಈ ಮಾತು ಆಯುಧಕ್ಕೆ ಅನಂತರ ಅನ್ವಯಿಸಿತು. ತುಪಾಕಿ ತುರ್ಕಿ ಮೂಲದ್ದು. ಪಾರಸಿಯ ಮಾರ್ಗವಾಗಿ ದಕ್ಷಿಣದ ಭಾಷೆಗಳಿಗೆ ಇಳಿದು ಬಂದಿತು. ತೋಟಾ ಹಿಂದೂಸ್ಥಾನಿಯ ‘ಟೋಟಾ’ ಎಂಬುದರ ರೂಪಾಂತರ. ಕೇಪು ಇಂಗ್ಲಿಷಿನದು, ಟೊಪ್ಪಿಗೆ ಎಂದು ಅದರ ಅರ್ಥ. ಇವೆಲ್ಲವುಗಳ ನಡುವೆ ಈಡು ಎಂಬುದು ಮಾತ್ರ ಧಾತುವಿನಿಂದಲೇ ಹುಟ್ಟಿದ ಕನ್ನಡದ ಮಾತು. ಕೆಡು ಎಂಬುದರಿಂದ ಕೇಡು, ಪಡು ಎಂಬುದರಿಂದ ಪಾಡು ಆದಂತೆ, ಇಡು ಎಂಬುದರ ಮೊದಲ ಸ್ವರ ದೀರ್ಘವಾಗಿ ಈಡು ಎಂಬ ಭಾವನಾಮವಾಯಿತು. ಕೋವಿಯಲ್ಲಿ ಇಟ್ಟದ್ದೂ ಈಡು, ಅದು ಹಾರಿದ್ದೂ ಈಡು. ‘ಈಡು ತುಂಬಿದನು’, ‘ಈಡು ಕೇಳಿಸಿತು’ ಎಂಬ ಎರಡು ಪ್ರಯೋಗಗಳೂ ಸಾಧುವಾಗಿರುವುದು ಈ ಕಾರಣದಿಂದಲೇ.

ತೋಟಾ ಎಂಬ ಹೆಸರು ಹಿತ್ತಾಳೆಗಿಂತ ಹಳೆಯದು. ೧೮೫೭ರಲ್ಲಿ ಉತ್ತರ ಹಿಂದೂಸ್ಥಾನದ ದಂಡುಗಳಲ್ಲಿ ಕ್ಷೋಭೆಯನ್ನೆಬ್ಬಿಸಿದ ಎನ್‌ಫೀಲ್ಡ್ ತೋಟಾಗಳು ಜಿಡ್ಡು ಸವರಿದ ಕಾಗದದ ಸುರುಳಿಗಳಾಗಿದ್ದವು. ಸಿಪಾಯಿ ಹಲ್ಲಿನಿಂದ ಕಚ್ಚಿ ಹರಿದು ಮದ್ದನ್ನು ನಳಿಗೆಗೆ ಸುರಿಯಬೇಕಾಗಿತ್ತು. ಹಿತ್ತಾಳೆ ಬಂದದ್ದು ಆಮೇಲೆ. ವೂಲಿಚ್ ಕಾರ್ಖಾನೆಯ ಎಡ್ವರ್ಡ್ ಬಾಕ್ಸರ್ ಎಂಬಾತನು ೧೮೬೬ರ ಸುಮಾರಿಗೆ ಸ್ನೈಡರ್ ರೈಫಲಿಗಾಗಿ ರೂಪಿಸಿದ ತೋಟಾದಲ್ಲಿ ತೆಳು ಹಿತ್ತಾಳೆಯ ತಗಡನ್ನು ಸುತ್ತಲಾಗಿತ್ತು. ಒಂದೇ ಬಿಲ್ಲೆಯಿಂದ ಎಳೆದು ರೂಪಿಸಿದ ಗಟ್ಟಿ ಕೋಶಗಳು ತರುವಾಯ ಬಳಕೆಗೆ ಬಂದವು. ಪುನರುಪಯೋಗದ ಪ್ರಶ್ನೆ ಮುಖ್ಯವಾಗಿ ಇವುಗಳಿಗೆ ಸಂಬಂಧಿಸಿದ್ದು.

೨. ಸೀಮೆ

ತರೀಕೆರೆಯ ಪಾಳೆಯಗಾರರು ೧೮೩೦-೩೧ರ ನಗರದ ದಂಗೆಯಲ್ಲಿ ಸೇರಿದ್ದರೆಂಬುದೂ, ಅವರಲ್ಲಿ ಸರ್ಜಾ ಹನುಮಪ್ಪನಾಯಕನು ೧೮೩೪ರಲ್ಲಿ ಗಲ್ಲಿಗೇರಿದನೆಂಬುದೂ ಇತಿಹಾಸಪ್ರಸಿದ್ಧ. ಅದು ಬತ್ತಿಯ ಕೋವಿಯ ಕಾಲ. ಕಿವಿಯ ಮೇಲಿನ ಬಟ್ಟಲಿಗೆ ರಂಜಕವನ್ನು ಸುರಿದು, ಉರಿಯುವ ಬತ್ತಿಯನ್ನು ಅದಕ್ಕೆ ತಾಗಿಸಬೇಕು. ಲಕ್ಕವಳ್ಳಿಯ ಕಡೆಯ ಕಾಡಿನಲ್ಲಿ ಮುಂಗಾರು ಹಿಡಿದರೆ ರಂಜಕ ನೆನೆಯುತ್ತಿತ್ತು, ಬತ್ತಿ ಆರುತ್ತಿತ್ತು. ಕಡೂರಿನ ಬಯಲಿನಲ್ಲಿ ನಂಬಬಹುದಾದ ಕೋವಿ ತರೀಕೆರೆಯ ಪಶ್ಚಿಮಕ್ಕೆ ಹೋದರೆ ದೊಣ್ಣೆಗೆ ಸಮಾನವಾಗುತ್ತಿತ್ತು. ಮದ್ದನ್ನೂ ಕಿಡಿಯನ್ನೂ ಒಂದೇ ಲೋಹದ ಒಡಲಲ್ಲಿ ಮುಚ್ಚಿಟ್ಟು ಮಳೆಗೆ ಸಿಕ್ಕದಂತೆ ಮಾಡಿದುದೇ ಹಿತ್ತಾಳೆಯ ಮೊದಲ ಉಪಕಾರ.

ಅಜ್ಜಂಪುರದ ಸಂಬಂಧ ಬೇರೆ ಬಗೆಯದು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆಚಾವಡಿಯು ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರನ್ನು ಪಡೆಯಿತು. ಹೈದರನ ಮತ್ತು ಟಿಪ್ಪುವಿನ ತೋಪುಗಳನ್ನೂ ಮದ್ದುಗುಂಡುಗಳನ್ನೂ ಎಳೆದವು ಈ ತಳಿಯ ಎತ್ತುಗಳೇ. ೧೭೯೯ರ ಬಳಿಕ ಅವು ಇಂಗ್ಲಿಷರ ದಂಡಿಗೂ ದುಡಿದವು. ೧೮೬೦ರಲ್ಲಿ ಮಿತವ್ಯಯದ ನೆಪದಿಂದ ಹಿಂಡನ್ನು ಮಾರಿ, ಕೊರತೆ ಕಂಡಮೇಲೆ ೧೮೬೬ರಲ್ಲಿ ಮತ್ತೆ ಕಟ್ಟಬೇಕಾಯಿತು. ಆ ತಳಿಯ ಸಂವರ್ಧನ ಕೇಂದ್ರವು ಅಜ್ಜಂಪುರದಲ್ಲಿದೆ. ಮದ್ದುಗುಂಡು ಮತ್ತು ದನದ ಕೊಟ್ಟಿಗೆ ಹೀಗೆ ಈ ಸೀಮೆಯ ಚರಿತ್ರೆಯಲ್ಲಿ ಜೊತೆಯಾಗಿಯೇ ಬರುತ್ತವೆ. ಆದರೆ ಹಿತ್ತಾಳೆಯ ತೋಟಾಕ್ಕೆ ಕೊಟ್ಟಿಗೆ ಲಾಯಗಳ ನೆರೆ ಎಷ್ಟು ಕೇಡಿನದೆಂಬುದು ಬಹುಕಾಲ ಯಾರಿಗೂ ತಿಳಿಯಲಿಲ್ಲ. ಅದನ್ನು ತಿಳಿಯಬೇಕಾದರೆ ಮೊದಲು ಲೋಹದ ಗುಣವನ್ನು ಅರಿಯಬೇಕು.

೩. ಹಿತ್ತಾಳೆಯ ಗುಣ

ತೋಟಾದ ಹಿತ್ತಾಳೆಯಲ್ಲಿ ನೂರಕ್ಕೆ ಸುಮಾರು ೭೦ ಪಾಲು ತಾಮ್ರ, ೩೦ ಪಾಲು ಸತು. ಈ ಪ್ರಮಾಣದ ಮಿಶ್ರಲೋಹ ಬಿರಿಯದೆ ಬಹಳ ಎಳೆಯಲ್ಪಡುತ್ತದೆ. ಈಡು ಹಾರಿದ ಕ್ಷಣದಲ್ಲಿ ಬಹುತೇಕ ಆಧುನಿಕ ರೈಫಲುಗಳ ಗೂಡಿನಲ್ಲಿ ಚದರಂಗುಲಕ್ಕೆ ೪೦,೦೦೦ ಪೌಂಡಿಗೂ ಮೀರಿದ ಒತ್ತಡ ಹುಟ್ಟುತ್ತದೆ. ಕೋಶದ ಗೋಡೆ ಆಗ ಉಬ್ಬಿ ಗೂಡಿನ ಗೋಡೆಗೆ ಅಂಟುತ್ತದೆ. ಹೊಗೆ ಹಿಂದಕ್ಕೆ ಬಾರದಂತೆ ಬಾಯಿ ಕಟ್ಟುತ್ತದೆ. ಒತ್ತಡ ಇಳಿದೊಡನೆ ತುಸುವೇ ಕುಗ್ಗಿ ಸಡಿಲವಾಗಿ ಹೊರಬರುತ್ತದೆ. ಉಬ್ಬುವಷ್ಟು ಮೃದುತ್ವ, ಕುಗ್ಗುವಷ್ಟು ಸೆಟೆತ ಎರಡೂ ಒಂದೇ ಕೋಶದಲ್ಲಿರಬೇಕು. ಆದಕಾರಣ ಅದರ ಕೊರಳು ಮೃದುವಾಗಿಯೂ ಬುಡ ಗಡುಸಾಗಿಯೂ ಇರುವಂತೆ ಮಾಡಿರುತ್ತಾರೆ.

ಕಂಚುಗಾರನ ಕೆಲಸವನ್ನು ನೋಡಿದವರಿಗೆ ಇದು ಹೊಸದಲ್ಲ. ತಗಡನ್ನು ಬಡಿದಷ್ಟೂ ಅದು ಬಿರುಸಾಗುತ್ತದೆ. ಇನ್ನೂ ಬಡಿದರೆ ಅಂಚು ಸೀಳುತ್ತದೆ. ಅದಕ್ಕೆ ಮುಂಚೆಯೇ ಕಂಚುಗಾರನು ಅದನ್ನು ಕಾಸಿ ಹದಕ್ಕೆ ತರುತ್ತಾನೆ. ಲೋಹದೊಳಗಿನ ಹರಳುಗಳು ಪೆಟ್ಟಿನಿಂದ ನುಜ್ಜಾಗುತ್ತವೆ, ಕಾವಿನಿಂದ ಹೊಸದಾಗಿ ಕಟ್ಟಿಕೊಳ್ಳುತ್ತವೆ ಎಂಬುದು ಇದರ ತತ್ತ್ವ. ಪ್ರತಿಯೊಂದು ಈಡೂ ಕೋಶಕ್ಕೆ ಒಂದು ಪೆಟ್ಟು. ಹಾರಿಸಿದ ಕೋಶ ನೋಟಕ್ಕೆ ಮೊದಲಿನಂತೆಯೇ ಕಂಡರೂ ಅದರ ಲೋಹ ಮೊದಲಿನದಲ್ಲ.

೪. ಮಳೆಗಾಲದ ಬಿರುಕು

ಹತ್ತೊಂಬತ್ತನೆಯ ಶತಮಾನದಲ್ಲಿ ಹಿಂದೂಸ್ಥಾನದಲ್ಲಿದ್ದ ಇಂಗ್ಲಿಷ್ ದಂಡಿನವರು ಮಳೆಗಾಲದಲ್ಲಿ ತೋಟಾಗಳನ್ನು ಕುದುರೆಲಾಯಗಳಲ್ಲಿ ಇಡುತ್ತಿದ್ದರು. ಮಳೆ ನಿಂತು ತೆಗೆದಾಗ, ಒಮ್ಮೆಯೂ ಹಾರಿಸದ ಕೋಶಗಳು ತಾವಾಗಿಯೇ ಬಿರುಕುಬಿಟ್ಟಿರುತ್ತಿದ್ದವು. ಒಂದು ಋತುವಿನಲ್ಲಿ ಮಾತ್ರ ಕಾಣುತ್ತಿದ್ದುದರಿಂದ ಇದಕ್ಕೆ ‘ಋತುಬಿರುಕು’ ಎಂಬ ಅರ್ಥದ ಹೆಸರೇ ಇಂಗ್ಲಿಷಿನಲ್ಲಿ ನಿಂತಿತು. ಇದರ ಕಾರಣವನ್ನು ಮೂರ್, ಬೆಕಿನ್‌ಸೇಲ್, ಮ್ಯಾಲಿನ್‌ಸನ್ ಎಂಬ ಮೂವರು ವಿದ್ವಾಂಸರು ೧೯೨೧ರಲ್ಲಿ ವಿಶದಪಡಿಸಿದರು. ಲಾಯದ ಗಂಜಳದಿಂದ ಏಳುವ ಅಮೋನಿಯಾ ಅನಿಲವೇ ಆ ಕಾರಣ.

ಆದರೆ ಅಮೋನಿಯಾ ಒಂದೇ ಸಾಲದು. ಕಾರ್ಖಾನೆಯಲ್ಲಿ ಎಳೆದು ಒತ್ತಿ ರೂಪಿಸುವಾಗ ಕೋಶದ ಲೋಹದೊಳಗೆ ಒಂದು ಬಿಗಿತ ಉಳಿದಿರುತ್ತದೆ. ತೇವದೊಡನೆ ಸೇರಿದ ಅಮೋನಿಯಾ ತಾಮ್ರವನ್ನು ಕರಗಿಸಿಕೊಳ್ಳುತ್ತದೆ. ಆ ಸವೆತ ಹರಳುಗಳ ಸಂದಿಗಳಲ್ಲಿ ಹೊಕ್ಕಾಗ ಒಳಗಿನ ಬಿಗಿತವು ಸಂದಿಯನ್ನು ಸೀಳುತ್ತದೆ. ಬಿಗಿತವಿಲ್ಲದ ಹಿತ್ತಾಳೆ ಲಾಯದಲ್ಲಿಯೂ ಬಾಳೀತು. ಅಮೋನಿಯಾ ಇಲ್ಲದ ಕಡೆ ಬಿಗಿತವುಳ್ಳದ್ದೂ ಬಾಳೀತು. ಎರಡೂ ಕೂಡಿದರೆ ಮಾತ್ರ ನಾಶ. ಮಿತವಾದ ಕಾವಿನಿಂದ ಬಿಗಿತವನ್ನು ಇಳಿಸುವುದೇ ಇದಕ್ಕೆ ಪರಿಹಾರವೆಂದು ಗೊತ್ತಾಯಿತು. ಕಂಚುಗಾರನ ಹದ ಮತ್ತು ಶಾಸ್ತ್ರಜ್ಞರ ಪರಿಹಾರ ಇಲ್ಲಿ ಒಂದೇ ಆದವು. ಕೊಟ್ಟಿಗೆಯ ಅಟ್ಟದ ಮೇಲೆ ಖಾಲಿ ತೋಟಾಗಳನ್ನು ಗಂಟುಕಟ್ಟಿ ಇಡಬಾರದೆಂಬುದೂ, ಅವನ್ನು ಅಮೋನಿಯಾ ಬೆರೆತ ಹೊಳಪುಮದ್ದಿನಿಂದ ಉಜ್ಜಬಾರದೆಂಬುದೂ ಇದರಿಂದ ಸಿದ್ಧವಾಗುತ್ತದೆ.

೫. ಸಂಸ್ಕಾರದ ಕ್ರಮ

ಹಾರಿಸಿದ ಕೋಶಕ್ಕೆ ಮೊದಲು ಮಾಡತಕ್ಕದ್ದು ಪರೀಕ್ಷೆ. ಕೊರಳಿನಲ್ಲಿ ಕೂದಲೆಳೆಯಷ್ಟು ಸೀಳು ಕಂಡರೂ ಅದು ತ್ಯಾಜ್ಯ. ಇದಕ್ಕಿಂತ ಅಪಾಯಕರವಾದದ್ದು ಬುಡದ ತುಸು ಮೇಲೆ ಸುತ್ತಲೂ ಕಾಣುವ ಹೊಳಪಿನ ಗೆರೆ. ಕೋಶ ಹಿಂದುಮುಂದಾಗಿ ಹಿಗ್ಗಿ, ಒಳಗೆ ಗೋಡೆ ತೆಳುವಾಗಿದೆಯೆಂದು ಅದರ ಅರ್ಥ. ತುದಿ ಬಗ್ಗಿಸಿದ ತಂತಿಯನ್ನು ಒಳಗೋಡೆಯ ಮೇಲೆ ಎಳೆದರೆ ಆ ಜಾಗದಲ್ಲಿ ತೋಡು ಬೆರಳಿಗೆ ತಿಳಿಯುತ್ತದೆ. ೩೦೩ ಲೀ-ಎನ್‌ಫೀಲ್ಡ್ ರೈಫಲುಗಳ ಗೂಡು ವಿಶಾಲವಾಗಿಯೂ, ಅವುಗಳ ಬೀಗದ ಹಿಡಿತ ಹಿಂಭಾಗದಲ್ಲಿಯೂ ಇರುವುದರಿಂದ ಅವುಗಳಲ್ಲಿ ಹಾರಿದ ಕೋಶಗಳಲ್ಲಿ ಈ ದೋಷ ಹೆಚ್ಚು. ಇಂಥದನ್ನು ಮತ್ತೆ ತುಂಬಿ ಹಾರಿಸಿದರೆ ಬುಡ ಕಳಚಿಕೊಂಡು ಬಿಸಿ ಅನಿಲ ಹಾರಿಸುವವನ ಮುಖಕ್ಕೆ ನುಗ್ಗಬಹುದು. ಒಂದು ಕೋಶದ ಬೆಲೆಯನ್ನು ಒಂದು ಕಣ್ಣಿನ ಬೆಲೆಯೊಡನೆ ತೂಗಿ ನೋಡಬೇಕಾದುದು ಈ ಹಂತದಲ್ಲಿ.

ಎರಡನೆಯದು ಸತ್ತ ಕೇಪನ್ನು ತೆಗೆಯುವುದು. ಬಾಕ್ಸರನ ಪದ್ಧತಿಯಲ್ಲಿ ಬುಡದ ನಡುವೆ ಒಂದೇ ರಂಧ್ರ. ಒಳಗಿನಿಂದ ಸೂಜಿಯನ್ನು ಇಳಿಸಿ ಕೇಪನ್ನು ಹೊರದೂಡಬಹುದು. ಅಮೆರಿಕದ ಹೈರಮ್ ಬರ್ಡನನ ಪದ್ಧತಿಯಲ್ಲಿ ಕೇಪಿಗೆ ಆಧಾರವಾದ ಅಡಿಗಲ್ಲು ಕೋಶದಲ್ಲಿಯೇ ಇದ್ದು, ರಂಧ್ರಗಳು ಸಾಮಾನ್ಯವಾಗಿ ಎರಡು ಪಕ್ಕಗಳಲ್ಲಿರುವುದರಿಂದ ಈ ಉಪಾಯ ಸಾಗದು. ವಿಚಿತ್ರವೆಂದರೆ ಇಂಗ್ಲಿಷನ ಪದ್ಧತಿ ಅಮೆರಿಕದಲ್ಲಿಯೂ, ಅಮೆರಿಕನ್ನನ ಪದ್ಧತಿ ಯೂರೋಪಿನ ದಂಡುಗಳಲ್ಲಿಯೂ ನೆಲೆಯೂರಿತು. ಹಳೆಯ ಕೇಪುಗಳಲ್ಲಿದ್ದ ಪಾದರಸದ ಲವಣವು ಉರಿದಾಗ ಪಾದರಸ ಬಿಡುಗಡೆಯಾಗಿ ಹಿತ್ತಾಳೆಯೊಡನೆ ಬೆರೆತು ಅದನ್ನು ಪೆಡಸಾಗಿಸುತ್ತದೆ. ಅಂಥ ಕೋಶಕ್ಕೆ ಯಾವ ಸಂಸ್ಕಾರವೂ ಇಲ್ಲ.

ಮೂರನೆಯದು ಶೌಚ. ಕರಿಮದ್ದಿನ ಕಿಟ್ಟ ತೇವವನ್ನು ಹೀರಿ ಲೋಹವನ್ನು ತಿನ್ನುತ್ತದೆ. ಆದ್ದರಿಂದ ತಡಮಾಡದೆ ಬಿಸಿನೀರು ಸಾಬೂನುಗಳಿಂದ ತೊಳೆಯಬೇಕು. ಕಲೆಯನ್ನು ಬಿಡಿಸಲು ಈಗಿನವರು ನಿಂಬೆಯ ಹುಳಿಯ ಸತ್ತ್ವವನ್ನು ನೀರಿನಲ್ಲಿ ಕದಡಿ ಬಳಸುತ್ತಾರೆ. ಚೊಂಬು ತಂಬಿಗೆಗಳನ್ನು ಹುಣಿಸೆಯ ಹಣ್ಣಿನಿಂದ ಬೆಳಗುವ ಮನೆಯವರ ರೀತಿಯೂ ಇದೇ: ಹುಳಿಯು ಲೋಹದ ಮೇಲಿನ ಕಿಲುಬನ್ನು ಕರಗಿಸಿಕೊಳ್ಳುತ್ತದೆ. ಆದರೆ ಹುಳಿಯಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಸತು ಸೋರಿ ಹಿತ್ತಾಳೆ ತಾಮ್ರದಂತೆ ಕೆಂಪಾಗುತ್ತದೆ. ಅದು ಶುದ್ಧಿಯ ಲಕ್ಷಣವಲ್ಲ, ಬಲಹಾನಿಯ ಲಕ್ಷಣ. ತೊಳೆದ ಕೋಶಗಳನ್ನು ಒಳಗೂ ಹೊರಗೂ ಪೂರ್ಣವಾಗಿ ಆರಿಸಬೇಕು.

ನಾಲ್ಕನೆಯದು ಹದ. ಹಲವು ಸಲ ಹಾರಿದ ಕೋಶದ ಕೊರಳನ್ನು ಮಾತ್ರ ಸ್ವಲ್ಪ ಹೊತ್ತು ಕಾಸಿ ಮೃದುಗೊಳಿಸುತ್ತಾರೆ. ಬುಡವನ್ನು ನೀರಿನಲ್ಲಿ ನಿಲ್ಲಿಸಿ ಕೊರಳಿಗಷ್ಟೇ ಉರಿ ತಾಗಿಸುವುದು ಹಳೆಯ ಕ್ರಮ. ಇಲ್ಲಿ ಕಮ್ಮಾರನ ಅನುಭವ ದಾರಿ ತಪ್ಪಿಸುವ ಸಂಭವವುಂಟು. ಕುಡುಗೋಲಿನ ಉಕ್ಕನ್ನು ಕಾಸಿ ನೀರಿಗದ್ದಿದರೆ ಅದು ಗಡುಸಾಗುತ್ತದೆ, ಹಿತ್ತಾಳೆ ಹಾಗಾಗುವುದಿಲ್ಲ. ಅದನ್ನು ಮೃದುಮಾಡುವುದು ಕಾವು. ನೀರಿನ ಕೆಲಸ ಕಾವು ಬುಡಕ್ಕೆ ಇಳಿಯದಂತೆ ತಡೆಯುವುದಷ್ಟೇ. ಬುಡವೇ ಮೃದುವಾದರೆ ಮುಂದಿನ ಈಡಿನ ಒತ್ತಡವನ್ನು ಅದು ತಾಳಲಾರದು. ಕೋಶವನ್ನು ಇಡಿಯಾಗಿ ಕೆಂಡದಲ್ಲಿ ಹಾಕುವುದು ಸಂಸ್ಕಾರವಲ್ಲ, ಸಂಹಾರ.

ಐದನೆಯದು ಅಚ್ಚು. ಉಬ್ಬಿದ ಕೋಶಕ್ಕೆ ಜಿಡ್ಡನ್ನು ತೆಳುವಾಗಿ ಸವರಿ ಉಕ್ಕಿನ ಅಚ್ಚಿನೊಳಗೆ ಒತ್ತಿ ಮೊದಲಿನ ಅಳತೆಗೆ ತರುತ್ತಾರೆ. ಜಿಡ್ಡಿಲ್ಲದಿದ್ದರೆ ಕೋಶ ಅಚ್ಚಿನಲ್ಲಿಯೇ ಕಚ್ಚಿಕೊಳ್ಳುತ್ತದೆ. ಹೆಚ್ಚಾದರೆ ಭುಜದಲ್ಲಿ ತಗ್ಗು ಬೀಳುತ್ತದೆ. ಪ್ರತಿ ಸಲವೂ ಲೋಹ ಸ್ವಲ್ಪ ಸ್ವಲ್ಪವಾಗಿ ಕೊರಳಿನ ಕಡೆಗೆ ಹರಿಯುವುದರಿಂದ ಕೋಶ ಉದ್ದವಾಗುತ್ತದೆ. ೩೦೩ ಕೋಶದ ಉದ್ದ ೨.೨೨೨ ಅಂಗುಲಗಳನ್ನು ಮೀರಬಾರದು. ಮೀರಿದರೆ ಕೊರಳಿನ ಅಂಚು ಗೂಡಿನ ಬಾಯಿಗೆ ಸಿಕ್ಕಿ ಗುಂಡನ್ನು ಬಿಗಿಹಿಡಿದು ಒತ್ತಡವನ್ನು ಮಿತಿಮೀರಿ ಏರಿಸುತ್ತದೆ. ಆದುದರಿಂದ ಅಳೆದು, ಹೆಚ್ಚಿದ್ದನ್ನು ಕತ್ತರಿಸಿ, ಅಂಚಿನ ಮುಳ್ಳುಗಳನ್ನು ಒಳಗೂ ಹೊರಗೂ ಸವರುತ್ತಾರೆ. ಕೊನೆಗೆ ಕೇಪಿನ ಗುಳಿಯ ಮಸಿಯನ್ನು ಕೆರೆದು, ರಂಧ್ರ ಕಟ್ಟಿಲ್ಲವೆಂದು ನೋಡಿದರೆ ಕೋಶ ಸಿದ್ಧವಾದಂತೆ. ಎಷ್ಟು ಸಲ ಹಾರಿದೆಯೆಂಬ ಲೆಕ್ಕವನ್ನು ಗುಂಪುಗುಂಪಾಗಿ ಬರೆದಿಡುವುದು ವಿವೇಕಿಗಳ ಪದ್ಧತಿ. ಲೋಹದ ವಯಸ್ಸು ಕಣ್ಣಿಗೆ ಕಾಣುವುದಿಲ್ಲ.

೬. ಉಪಸಂಹಾರ

ಭಾರತದಲ್ಲಿ ತೋಟಾಗಳ ತಯಾರಿಕೆ ೧೯೫೯ರ ಆಯುಧಗಳ ಕಾಯಿದೆಗೆ ಒಳಪಟ್ಟದ್ದು, ಪರವಾನಗಿಯಿಲ್ಲದೆ ಮಾಡುವಂತಿಲ್ಲ. ೧೯೭೨ರ ವನ್ಯಜೀವಿ ಸಂರಕ್ಷಣ ಕಾಯಿದೆ ಬೇಟೆಯ ಕಾಲಕ್ಕೆ ತೆರೆಯೆಳೆಯಿತು. ಕಾದಂಬರಿಗಳಲ್ಲಿ ಕೇಳಿಸುವ ಈಡು ಹೀಗೆ ಬಹುಮಟ್ಟಿಗೆ ಓದಿನಲ್ಲಿ ಮಾತ್ರ ಕೇಳಿಸುವ ಶಬ್ದವಾಗಿದೆ. ವಸ್ತು ಕಣ್ಮರೆಯಾದಷ್ಟೂ ಶಬ್ದದ ಅರ್ಥ ಮಸುಕಾಗುತ್ತದೆ; ಆದ್ದರಿಂದಲೇ ವಸ್ತುವಿನ ವಿವರಣೆ ಸಾಹಿತ್ಯದ ಉಪಾಧ್ಯಾಯರಿಗೆ ಅಗತ್ಯ.

ಮೇಲಿನ ವಿವೇಚನೆಯಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಅಚ್ಚು ಕೋಶದ ಆಕಾರವನ್ನು ಹಿಂದಕ್ಕೆ ತರಬಲ್ಲುದು. ಅದು ಪಟ್ಟ ಪಾಡನ್ನು ಅಳಿಸಲಾರದು. ಪಟ್ಟ ಪಾಡನ್ನು ಸ್ವಲ್ಪಮಟ್ಟಿಗೆ ಅಳಿಸಬಲ್ಲದ್ದು ಹದವೊಂದೇ, ಅದೂ ಕೊರಳಿಗೆ ಮಾತ್ರ. ಕನ್ನಡದಲ್ಲಿ ಅನ್ನಕ್ಕೂ ಹದವುಂಟು, ಉಳುವ ನೆಲಕ್ಕೂ ಹದವುಂಟು, ಲೋಹಕ್ಕೂ ಹದವುಂಟು. ಮೂರರಲ್ಲಿಯೂ ಅರ್ಥ ಒಂದೇ: ಹೆಚ್ಚೂ ಅಲ್ಲದ, ಕಡಮೆಯೂ ಅಲ್ಲದ, ತಕ್ಕ ಸಮಯದಲ್ಲಿ ಹಿಡಿಯಬೇಕಾದ ಒಂದು ಸ್ಥಿತಿ. ಲಾಯದ ಮೂಲೆಯಲ್ಲಿ ಬಿರಿದ ತೋಟಾಗಳ ಕಾರಣವನ್ನು ಹುಡುಕಿದವರು ಕೊನೆಗೆ ಮುಟ್ಟಿದ್ದೂ, ಕಂಚುಗಾರನು ಕುಲುಮೆಯ ಮುಂದೆ ಕುಳಿತು ಕಾಯುತ್ತಿದ್ದುದೂ ಈ ಸ್ಥಿತಿಯನ್ನೇ.