ಗೀಳು ಗುರುವಾದ ಕಥೆ

ಒಂದು ಕೈಯಲ್ಲಿ ಹಳೆಯ ಟೆಲಿಫೋನ್ ಪುಸ್ತಕಗಳು, ಇನ್ನೊಂದರಲ್ಲಿ ಒಣಹುಲ್ಲಿನ ಕಂತೆ. ಎದುರಿಗೆ, ಅವನ್ನು ಹರಿದು ಚಿಂದಿಮಾಡಲು ಕಾತರದಿಂದ ಕಾದು ನಿಂತ ಹಂದಿಮರಿಗಳು! ಡಾಕ್ಟರೇಟ್ ಪದವಿಗಾಗಿ ವ್ಯಾಸಂಗ ಮಾಡುತ್ತಿದ್ದ ವಿದ್ಯಾರ್ಥಿನಿಯೊಬ್ಬರ ದಿನಚರಿ ಇದು ಎಂದರೆ ಯಾರಿಗೆ ತಾನೇ ಸೋಜಿಗವಾಗದು? 1980ರ ದಶಕದಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದ ಹಂದಿದೊಡ್ಡಿಗಳಲ್ಲಿ ಹೀಗೆ ಓಡಾಡುತ್ತಿದ್ದವರು ಟೆಂಪಲ್ ಗ್ರ್ಯಾಂಡಿನ್. ಸಂಶೋಧನೆಯ ಜೊತೆಜೊತೆಗೇ ದನದ ದೊಡ್ಡಿಗಳ ನಕ್ಷೆ ರಚಿಸಿಕೊಡುವ ಸ್ವಂತ ಉದ್ಯೋಗ. ಅದರ ನಡುವೆಯೇ ಆತ್ಮಕಥೆಯ ಬರವಣಿಗೆ. ಇಷ್ಟನ್ನೂ ಒಟ್ಟಿಗೆ ನಿಭಾಯಿಸಿದ ಈಕೆ, ಮೂರೂವರೆ ವರ್ಷದವರೆಗೂ ಮಾತೇ ಆಡದಿದ್ದ ಮಗು!

ಊಟದ ನಂತರದ ಒಂದು ಗಂಟೆ

ಟೆಂಪಲ್ ಹುಟ್ಟಿದ್ದು 1947ರಲ್ಲಿ, ಬಾಸ್ಟನ್ ನಗರದಲ್ಲಿ. ತಾಯಿ ಎತ್ತಿಕೊಂಡರೆ ಮಗು ಮೈ ಬಿಗಿಹಿಡಿಯುತ್ತಿತ್ತು. ಮಾತಿನ ಬದಲು ಬರೀ ಕಿರಿಚಾಟ. ಪರೀಕ್ಷಿಸಿದ ವೈದ್ಯರು ಮಿದುಳಿಗೆ ಪೆಟ್ಟಾಗಿದೆಯೆಂದರು. ಇಂದು ಆಟಿಸಂ ಎಂದು ಕರೆಯಲಾಗುವ ಸ್ಥಿತಿ ಅದು. ಅದನ್ನು ರೋಗವೆನ್ನುವುದಕ್ಕಿಂತ, ಮೊದಲಿನಿಂದಲೂ ಮಿದುಳು ಬೇರೊಂದು ಬಗೆಯಲ್ಲಿ ಬೆಳೆಯುವ ಸ್ಥಿತಿ ಎಂದರೆ ಸರಿಯಾದೀತು. ಇತರರ ಗಮನಕ್ಕೂ ಬಾರದ ಶಬ್ದ, ಸ್ಪರ್ಶ, ಬದಲಾವಣೆಗಳು ಇಂಥವರಿಗೆ ಸಹಿಸಲಾರದ ಹಿಂಸೆ. ಶಾಲೆಯ ಗಂಟೆ ಬಾರಿಸಿದರೆ ಸಾಕು, ದಂತವೈದ್ಯರ ಯಂತ್ರ ಹಲ್ಲಿನ ನರಕ್ಕೆ ತಗುಲಿದಷ್ಟು ನೋವು ಈ ಹುಡುಗಿಗೆ.

ತಾಯಿ ಯೂಸ್ಟೇಷಿಯಾ ಎದೆಗುಂದಲಿಲ್ಲ. ಮಾತು ಕಲಿಸುವವರ ಬಳಿಗೆ ಮಗುವನ್ನು ಕಳುಹಿಸಿದರು. ಸರದಿಯ ಆಟಗಳನ್ನಾಡಿಸಲು ದಾದಿಯೊಬ್ಬಳನ್ನು ನೇಮಿಸಿದರು. ಊಟದ ಮೇಜಿನ ಬಳಿ ಶಿಸ್ತಾಗಿ ಕೂರಬೇಕು, ಬಂದವರಿಗೆ ವಂದಿಸಬೇಕು, ಇದರಲ್ಲಿ ರಿಯಾಯಿತಿಯಿರಲಿಲ್ಲ. ಆದರೆ ಮಧ್ಯಾಹ್ನದ ಊಟವಾದ ಮೇಲೆ ಒಂದು ಗಂಟೆ ಮಾತ್ರ ಸಂಪೂರ್ಣವಾಗಿ ಮಗುವಿನದೇ. ಆಗ ಆಕೆ ಹಿತ್ತಾಳೆಯ ಬಿಲ್ಲೆಯನ್ನು ಗಿರಗಿರನೆ ತಿರುಗಿಸುತ್ತ, ತನ್ನ ಲೋಕದಲ್ಲಿ ತಾನಿರಬಹುದಿತ್ತು, ಬೇಡವೆನ್ನುವವರಿರಲಿಲ್ಲ. ದಿನದ ಉಳಿದ ಹೊತ್ತು ಲೋಕದ ರೀತಿಗೆ ಹೊಂದಿಕೊಳ್ಳಲು ಬೇಕಾದ ಬಲ ಆ ಒಂದು ಗಂಟೆಯಿಂದಲೇ ಬರುತ್ತಿತ್ತೋ ಏನೋ!

ಯಂತ್ರದ ಅಪ್ಪುಗೆ

ಹುಡುಗಿ ಬೆಳೆದಳು, ಜೊತೆಗೆ ಅಂಜಿಕೆಯೂ ಬೆಳೆಯಿತು. ಹದಿಹರೆಯದಲ್ಲಿ ಕಾರಣವಿಲ್ಲದೆ ಎದೆ ಹೊಡೆದುಕೊಳ್ಳುವುದು, ಬೆವರುವುದು ನಿತ್ಯದ ಪಾಡಾಯಿತು. ಅಣಕಿಸಿದ ಸಹಪಾಠಿಯ ಮೇಲೆ ಪುಸ್ತಕ ಎಸೆದುದಕ್ಕಾಗಿ ಒಂದು ಶಾಲೆಯಿಂದ ಹೊರಬಿದ್ದು, ವಸತಿಶಾಲೆ ಸೇರಬೇಕಾಯಿತು. ಒಮ್ಮೆ ಬೇಸಿಗೆಯಲ್ಲಿ ಅರಿಜೋನಾದಲ್ಲಿದ್ದ ಚಿಕ್ಕಮ್ಮನ ದನದ ಹೊಲಕ್ಕೆ ಹೋದಾಗ ವಿಚಿತ್ರವೊಂದನ್ನು ಕಂಡಳು. ಲಸಿಕೆ ಹಾಕುವಾಗ ದನಗಳನ್ನು ಎರಡು ಹಲಗೆಗಳ ನಡುವೆ ಅದುಮಿ ನಿಲ್ಲಿಸುತ್ತಿದ್ದರು. ಬೆದರಿ ಬಂದ ಕೆಲವು ದನಗಳು ಆ ಒತ್ತಡಕ್ಕೆ ಸಿಕ್ಕೊಡನೆ ಶಾಂತವಾಗುತ್ತಿದ್ದವು. ‘ನನ್ನನ್ನೂ ಅದರಲ್ಲಿ ನಿಲ್ಲಿಸಿ’ ಎಂದು ಚಿಕ್ಕಮ್ಮನನ್ನು ಬೇಡಿದಳು! ಒಳಗೆ ನಿಂತಾಗ ಎಷ್ಟೋ ದಿನಗಳಿಂದ ಕಾಣದ ನೆಮ್ಮದಿ ಸಿಕ್ಕಿತು. ಮನುಷ್ಯರ ಅಪ್ಪುಗೆಯನ್ನು ತಾಳಲಾರದ ಮೈಗೆ, ತಾನೇ ಹಿಡಿತದಲ್ಲಿಟ್ಟುಕೊಳ್ಳಬಹುದಾದ ಯಂತ್ರದ ಅಪ್ಪುಗೆ ಹಿತವಾಯಿತು.

ಶಾಲೆಗೆ ಮರಳಿದವಳು ಹಲಗೆಗಳನ್ನು ಕೂಡಿಸಿ ಅಂಥದೇ ಯಂತ್ರವೊಂದನ್ನು ತನಗಾಗಿ ಮಾಡಿಕೊಂಡಳು. ದಿನವೆಲ್ಲ ಅದೇ ಧ್ಯಾನ, ಅದೇ ಮಾತು. ಮನಶ್ಶಾಸ್ತ್ರ ಬಲ್ಲವರು ಇದೇನು ವಿಪರೀತವೆಂದು ಗಾಬರಿಗೊಂಡು, ಅದನ್ನು ಬಿಡಿಸಲು ನೋಡಿದರು. ಆದರೆ ವಿಜ್ಞಾನದ ಮೇಷ್ಟ್ರು ವಿಲಿಯಂ ಕಾರ್ಲಾಕ್ ಬೇರೆಯೇ ದಾರಿ ಹಿಡಿದರು. ಈ ಯಂತ್ರ ಏಕೆ ಸಮಾಧಾನ ತರುತ್ತದೆಂದು ತಿಳಿಯಬೇಕಾದರೆ ವಿಜ್ಞಾನ ಓದಬೇಕು, ಗ್ರಂಥಾಲಯದಲ್ಲಿ ಹುಡುಕಬೇಕು ಎಂದು ಅವಳನ್ನು ಪ್ರೇರೇಪಿಸಿದರು. ಗೀಳನ್ನು ಅವರು ಕಿತ್ತುಕೊಳ್ಳಲಿಲ್ಲ. ಅದಕ್ಕೇ ನೊಗ ಕಟ್ಟಿದರು! ಓದಿನಲ್ಲಿ ಆಸಕ್ತಿಯೇ ಇಲ್ಲದಿದ್ದ ಹುಡುಗಿ ಪುಸ್ತಕದ ಹುಳುವಾದಳು.

ಗಾಜಿನ ಬಾಗಿಲು

ಕಾಲೇಜಿನ ಹಾದಿಯೂ ಸುಗಮವಾಗಿರಲಿಲ್ಲ. ಮನಸ್ಸಿನಲ್ಲಿ ಚಿತ್ರವಾಗಿ ಮೂಡದ ಬೀಜಗಣಿತ ಆಕೆಯ ತಲೆಗೆ ಹತ್ತಲೇ ಇಲ್ಲ. ಗಣಿತದ ಮೊದಲ ಪರೀಕ್ಷೆಯಲ್ಲೇ ನಪಾಸು. ಆದರೆ ಅದನ್ನು ಮುಚ್ಚಿಡಲಿಲ್ಲ. ಕೂಡಲೇ ಅಧ್ಯಾಪಕರಲ್ಲಿಗೆ ಹೋಗಿ ಪಾಠ ಹೇಳಿಸಿಕೊಂಡು ಪಾರಾದರು. ಜನರೊಡನೆ ಬೆರೆಯುವ ವಿದ್ಯೆಗೆ ಮಾತ್ರ ಅಧ್ಯಾಪಕರು ಎಲ್ಲಿದ್ದಾರೆ? ಒಂದು ದಿನ ಊಟದ ಮನೆಯ ಗಾಜುಗಳನ್ನು ಒರೆಸುತ್ತಿದ್ದಾಗ ಜಾರುಬಾಗಿಲು ಸಿಕ್ಕಿಕೊಂಡು, ಎರಡು ಗಾಜುಗಳ ನಡುವೆ ಸೆರೆಯಾದರು. ಒರಟಾಗಿ ದೂಡಿದರೆ ಗಾಜು ಪುಡಿಯಾದೀತು. ಮೆಲ್ಲಗೆ, ಬೆರಳಷ್ಟೇ ಸರಿಸುತ್ತ ಹೊರಬರಬೇಕು. ಮನುಷ್ಯರ ಸಂಬಂಧವೂ ಹೀಗೆಯೇ ಎಂಬುದು ಆಗ ಹೊಳೆಯಿತು. ಚಿತ್ರಗಳಲ್ಲೇ ಯೋಚಿಸುವ ಮನಸ್ಸಿಗೆ ಸ್ನೇಹದ ನಯವನ್ನು ಕಲಿಸಲೂ ಒಂದು ಬಾಗಿಲೇ ಬೇಕಾಯಿತು!

1975ರಲ್ಲಿ ಅರಿಜೋನಾ ರಾಜ್ಯ ವಿಶ್ವವಿದ್ಯಾನಿಲಯದಿಂದ ಪಶುವಿಜ್ಞಾನದ ಸ್ನಾತಕೋತ್ತರ ಪದವಿ ಬಂತು. ಅಲ್ಲಿ ಆಯ್ದುಕೊಂಡ ವಿಷಯವೂ ಅದೇ: ದನಗಳನ್ನು ಅದುಮಿ ಹಿಡಿಯುವ ಯಂತ್ರದೊಳಗೆ ಅವುಗಳ ನಡವಳಿಕೆ. ಹೆಂಗಸಿಗೆ ದನದ ದೊಡ್ಡಿಯಲ್ಲೇನು ಕೆಲಸವೆಂದು ಬಾಗಿಲು ಮುಚ್ಚಿದವರೂ ಇದ್ದರು. ಆಕೆ ದನಗಳು ನಡೆಯುವ ಓಣಿಯೊಳಗೇ ಇಳಿದು, ಅವುಗಳ ಕಣ್ಣಿನ ಎತ್ತರದಿಂದ ಛಾಯಾಚಿತ್ರ ತೆಗೆದರು. ನೆಲದ ಮೇಲಿನ ಒಂದು ನೆರಳು, ನೇತಾಡುವ ಒಂದು ಸರಪಳಿ, ಬೇಲಿಯ ಮೇಲೆ ಯಾರೋ ಮರೆತ ಒಂದು ಕೋಟು: ದನಗಳು ಬೆದರಿ ನಿಲ್ಲುವುದು ಇಂಥವುಗಳಿಗೆ. ಆಳುಗಳು ಕಾಣದುದನ್ನು ಇವರು ಕಂಡರು. ಸಣ್ಣ ಬದಲಾವಣೆಗೂ ಬೆಚ್ಚುವ ಜೀವದ ಪಾಡು ಇವರಿಗೆ ಹೊಸದಾಗಿರಲಿಲ್ಲವಲ್ಲ! ನುರಿತ ನಕ್ಷೆಗಾರನೊಬ್ಬನ ಕೈಯನ್ನು ನೋಡಿ ನೋಡಿಯೇ ನಕ್ಷೆ ಬರೆಯಲು ಕಲಿತರು. ಮಾಂಸಕ್ಕಾಗಿ ಸಾಕಿದ ಪ್ರಾಣಿಯಾದರೂ ಕೊನೆಯ ಗಳಿಗೆಯವರೆಗೆ ಭಯಪಡದೆ ಬದುಕಬೇಕೆಂಬುದೇ ಆ ನಕ್ಷೆಗಳ ಉದ್ದೇಶ. ಕೆಲಸ ಕೇಳಲು ಹೋದಾಗ ತಮ್ಮ ಮಾತಿನ ಚಾತುರ್ಯವನ್ನು ನೆಚ್ಚಲಿಲ್ಲ. ನಕ್ಷೆಗಳನ್ನೇ ಬಿಚ್ಚಿ ಹರಡುತ್ತಿದ್ದರು. ‘ವಿಚಿತ್ರ ಹೆಂಗಸು’ ಎಂದುಕೊಂಡವರೂ ನಕ್ಷೆ ಕಂಡು ಸುಮ್ಮನಾದರು.

ಹಂದಿಗಳಿಗಾಗಿ ಕಣ್ಣೀರು

ಹೀಗೆ ಉದ್ಯೋಗ ನೆಲೆಗೊಂಡ ಮೇಲೆಯೇ ಆಕೆ ಡಾಕ್ಟರೇಟಿಗಾಗಿ ಇಲಿನಾಯ್‌ಗೆ ಬಂದದ್ದು. ಆ ಹೊತ್ತಿಗೆ ನರಗಳ ಉದ್ವೇಗ ದೇಹವನ್ನೇ ಹಿಂಡುತ್ತಿತ್ತು. 1980ರ ದಶಕದ ಆರಂಭದಲ್ಲಿ ವೈದ್ಯರ ಸಲಹೆಯಂತೆ ಸಣ್ಣ ಪ್ರಮಾಣದ ಔಷಧಿ ತೆಗೆದುಕೊಳ್ಳತೊಡಗಿದರು, ಅದು ಹಿಡಿಸಿತು. ಹಲಗೆಯ ಯಂತ್ರವಂತೂ ಜೊತೆಗಿದ್ದೇ ಇತ್ತು. 1986ರಲ್ಲಿ, ಇನ್ನೂ ವಿದ್ಯಾರ್ಥಿನಿಯಾಗಿದ್ದಾಗಲೇ, ಆತ್ಮಕಥೆ ಹೊರಬಂತು. ಆಟಿಸಂ ಉಳ್ಳವರೊಬ್ಬರು ತಮ್ಮ ಒಳಗನ್ನು ತಾವೇ ತೆರೆದು ತೋರಿದ ಬರಹ ಆಗ ತೀರ ಅಪರೂಪ.

ಸಂಶೋಧನೆಯ ಪ್ರಶ್ನೆ ಸರಳವಾಗಿತ್ತು. ಒಣಹುಲ್ಲು, ಆಟಿಕೆಗಳ ನಡುವೆ ಬೆಳೆದ ಹಂದಿಯ ಮಿದುಳಿಗೂ, ಬರೀ ಪ್ಲಾಸ್ಟಿಕ್ ನೆಲದ ಇಕ್ಕಟ್ಟಿನ ದೊಡ್ಡಿಯಲ್ಲಿ ಬೆಳೆದ ಹಂದಿಯ ಮಿದುಳಿಗೂ ವ್ಯತ್ಯಾಸವುಂಟೇ? ಆಟಿಕೆಯ ಹಂದಿಗಳಲ್ಲೇ ನರಕೋಶಗಳ ಕವಲುಗಳು ಹೆಚ್ಚು ಹರಡಿರಬೇಕೆಂಬುದು ನಿರೀಕ್ಷೆ. ಫಲಿತಾಂಶ ತಲೆಕೆಳಗಾಯಿತು! ಮೂತಿಯ ಸ್ಪರ್ಶವನ್ನು ಗ್ರಹಿಸುವ ಮಿದುಳಿನ ಭಾಗದಲ್ಲಿ, ಬರಿದಾದ ದೊಡ್ಡಿಯ ಹಂದಿಗಳಿಗೇ ಕವಲುಗಳು ಹೆಚ್ಚಾಗಿದ್ದವು. ಮಾಡಲು ಬೇರೇನೂ ಇಲ್ಲದ ಆ ಪ್ರಾಣಿಗಳು ಬಿಡುವಿಲ್ಲದೆ ಒಂದನ್ನೊಂದು ಮೂತಿಯಿಂದ ತಿವಿಯುತ್ತಿದ್ದುದೇ ಇದಕ್ಕೆ ಕಾರಣವೆಂದು ತಿಳಿಯಿತು. ಬೆಳವಣಿಗೆಯೆಲ್ಲವೂ ಒಳ್ಳೆಯದೆನ್ನಲಾಗದು, ಹಸಿದ ಮನಸ್ಸು ಸಿಕ್ಕಿದ್ದನ್ನೇ ಕೆದಕುತ್ತ ಬೆಳೆಯುತ್ತದೆ.

ಮಿದುಳನ್ನು ಪರೀಕ್ಷಿಸಬೇಕಾದರೆ ಹಂದಿಗಳನ್ನು ಕೊಲ್ಲಲೇಬೇಕಿತ್ತು. ದಿನವೂ ಆಟಿಕೆ ತಂದುಕೊಟ್ಟವರನ್ನು ನಂಬಿ ಅವು ಹಿಂದೆಯೇ ನಡೆದುಬಂದವು. ಗ್ರ್ಯಾಂಡಿನ್ ಮೈಸವರುತ್ತ, ಮೆಲ್ಲಗೆ ಮಾತಾಡಿಸುತ್ತ ಕೊನೆಯವರೆಗೂ ಪಕ್ಕದಲ್ಲೇ ನಿಂತರು. ಬಿಕ್ಕಿ ಬಿಕ್ಕಿ ಅತ್ತರೆಂದು, ಮುಂದೆ ಅವರನ್ನು ಭೇಟಿಮಾಡಿದ ನರರೋಗತಜ್ಞ ಆಲಿವರ್ ಸ್ಯಾಕ್ಸ್ ದಾಖಲಿಸಿದ್ದಾರೆ. ಇಂಥವರಿಗೆ ಮಮತೆಯೆಂಬುದೇ ಇಲ್ಲವೆನ್ನುವವರು ಆ ದಿನ ಅಲ್ಲಿರಬೇಕಿತ್ತು.

1989ರಲ್ಲಿ, ನಲವತ್ತು ದಾಟಿದ ಮೇಲೆ, ಡಾಕ್ಟರೇಟ್ ಕೈಸೇರಿತು. ಮುಂದೆ ಕೊಲೊರಾಡೊ ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕಿಯಾದರು. ಅವರ ನಕ್ಷೆಗಳಂತೆ ಕಟ್ಟಿದ ದೊಡ್ಡಿಗಳು ಅಮೆರಿಕದ ಉದ್ದಗಲಕ್ಕೂ ಎದ್ದವು. 2010ರಲ್ಲಿ ಅವರ ಜೀವನ ಚಲನಚಿತ್ರವೂ ಆಯಿತು.

ಓದು, ಉದ್ಯೋಗ, ಹವ್ಯಾಸ ಈ ಮೂರನ್ನೂ ಆಕೆ ತೂಗಿಸಿದ್ದು ಹೇಗೆ? ಅವರಿಗೆ ಅವು ಮೂರಾಗಿರಲೇ ಇಲ್ಲ. ಚಿಕ್ಕಮ್ಮನ ಹೊಲದಲ್ಲಿ ಕೈಗೆ ಸಿಕ್ಕ ಒಂದೇ ದಾರ ಮೂರರಲ್ಲೂ ಹಾದುಹೋಗಿತ್ತು. ಮದುವೆ, ಸಂಸಾರಗಳನ್ನು ಅವರು ಬಯಸಲಿಲ್ಲ. ದನ, ಯಂತ್ರಗಳ ಬಗೆಗೆ ಮಾತಾಡಬಲ್ಲವರೇ ಗೆಳೆಯರು.

ಆಟಿಸಂ ಉಳ್ಳವರೆಲ್ಲ ಟೆಂಪಲ್ ಗ್ರ್ಯಾಂಡಿನ್ ಆಗಲಾರರು. ಜೀವನವಿಡೀ ಮಾತು ಬಾರದವರಿದ್ದಾರೆ, ಸದಾ ಒಬ್ಬರ ಆಸರೆ ಬೇಕಾದವರಿದ್ದಾರೆ. ಎಲ್ಲರೂ ತನ್ನಂತೆ ಚಿತ್ರಗಳಲ್ಲೇ ಯೋಚಿಸುವುದಿಲ್ಲವೆಂಬುದನ್ನು ಆಕೆಯೇ ಮುಂದೆ ಒಪ್ಪಿಕೊಂಡರು. ಆದರೂ ಮನೆಯ ಮಗು ರೈಲಿನ ವೇಳಾಪಟ್ಟಿಯನ್ನೋ ಫ್ಯಾನಿನ ರೆಕ್ಕೆಯನ್ನೋ ಹಿಡಿದು ಕುಳಿತು, ಕರೆದರೂ ತಿರುಗಿ ನೋಡದಿದ್ದಾಗ, ಅದನ್ನು ಕಸಿದುಕೊಳ್ಳುವ ಮುನ್ನ ತಂದೆತಾಯಿಗಳು ಒಂದು ಕ್ಷಣ ತಡೆಯಬಹುದು. ಊಟದ ಮೇಜಿನ ಶಿಸ್ತೂ ಇರಲಿ. ಊಟದ ನಂತರದ ಆ ಒಂದು ಗಂಟೆಯೂ ಇರಲಿ.