ಪೋಸ್ಟ್ ತೆಗೆಸಿದ್ದು ಯಾರು? ತೆಗೆಸುವ ನಾಲ್ಕು ದಾರಿ, ಪ್ರಶ್ನಿಸುವ ಬಗೆ

ಹಾಕಿದ ವಿಡಿಯೊ ಮರುದಿನ ಕಾಣುವುದಿಲ್ಲ. ‘ಈ ವಿಷಯ ನಿಮ್ಮ ದೇಶದಲ್ಲಿ ಲಭ್ಯವಿಲ್ಲ’ ಎಂಬ ಸಾಲಷ್ಟೇ ಉಳಿದಿರುತ್ತದೆ. ತೆಗೆಸಿದ್ದು ಕಂಪನಿಯೇ, ಕೇಂದ್ರ ಸರ್ಕಾರವೇ, ಪೊಲೀಸರೇ, ನ್ಯಾಯಾಲಯವೇ? ಒಂದೊಂದಕ್ಕೂ ಬೇರೆ ಬೇರೆ ನಿಯಮವಿದೆ. ಯಾರು ತೆಗೆಸಿದರು ಎಂಬುದು ತಿಳಿದರೆ ಮಾತ್ರ ಯಾರನ್ನು ಪ್ರಶ್ನಿಸಬೇಕು ಎಂಬುದು ಗೊತ್ತಾಗುತ್ತದೆ.

ಗೆರೆ ಎಲ್ಲಿದೆ?

ಸಂವಿಧಾನದ 19(1)(ಎ) ವಿಧಿ ಮಾತಿನ ಹಕ್ಕು ಕೊಡುತ್ತದೆ. ಅದಕ್ಕೆ ಮಿತಿ ಹಾಕಬಹುದಾದ ಕಾರಣಗಳನ್ನು 19(2) ಪಟ್ಟಿ ಮಾಡಿದೆ: ದೇಶದ ಸಾರ್ವಭೌಮತೆ ಮತ್ತು ಅಖಂಡತೆ, ಭದ್ರತೆ, ವಿದೇಶಗಳೊಂದಿಗಿನ ಸ್ನೇಹ ಸಂಬಂಧ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ ಮತ್ತು ನೈತಿಕತೆ, ನ್ಯಾಯಾಂಗ ನಿಂದನೆ, ಮಾನಹಾನಿ, ಅಪರಾಧಕ್ಕೆ ಪ್ರಚೋದನೆ. ‘ನಮ್ಮ ಮನಸ್ಸಿಗೆ ನೋವಾಯಿತು’ ಎಂಬುದು ಈ ಪಟ್ಟಿಯಲ್ಲಿಲ್ಲ. ಧಾರ್ಮಿಕ ಭಾವನೆ ಕೆರಳಿಸುವುದನ್ನು ಶಿಕ್ಷಿಸುವ ಭಾರತೀಯ ನ್ಯಾಯ ಸಂಹಿತೆಯ 299ನೇ ಸೆಕ್ಷನ್ ಕೂಡ ಉದ್ದೇಶಪೂರ್ವಕ ದುರುದ್ದೇಶ ಇರಬೇಕು ಎನ್ನುತ್ತದೆ.

ಪೊಲೀಸರೇ ಈ ಗೆರೆ ಮೀರಿದರೆ ಏನಾಗುತ್ತದೆ ಎಂಬುದನ್ನು 2012ರ ನವೆಂಬರ್‌ನಲ್ಲಿ ಕಂಡಿದ್ದೇವೆ. ಬಾಳ್ ಠಾಕ್ರೆ ನಿಧನದ ನಂತರದ ಬಂದ್ ಕುರಿತು ಮಹಾರಾಷ್ಟ್ರದ ಪಾಲ್ಘರ್‌ನ ಯುವತಿಯೊಬ್ಬರು ಫೇಸ್‌ಬುಕ್‌ನಲ್ಲಿ ಬರೆದರು, ಗೆಳತಿ ಲೈಕ್ ಒತ್ತಿದರು. ಇಬ್ಬರೂ ಬಂಧನಕ್ಕೊಳಗಾದರು. ಆಗ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಸೆಕ್ಷನ್ ‘ಕಿರಿಕಿರಿ’ ಉಂಟುಮಾಡುವ ಸಂದೇಶಕ್ಕೂ ಮೂರು ವರ್ಷದವರೆಗೆ ಜೈಲು ಎನ್ನುತ್ತಿತ್ತು. ಕಾನೂನು ವಿದ್ಯಾರ್ಥಿನಿ ಶ್ರೇಯಾ ಸಿಂಘಾಲ್ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. 2015ರ ಮಾರ್ಚ್ 24ರಂದು ಆ ಸೆಕ್ಷನ್ ರದ್ದಾಯಿತು. ಚರ್ಚೆ, ಪ್ರತಿಪಾದನೆ, ಪ್ರಚೋದನೆ ಈ ಮೂರನ್ನೂ ನ್ಯಾಯಾಲಯ ಬೇರೆ ಬೇರೆಯಾಗಿ ನೋಡಿತು. ಮೊದಲ ಎರಡು ಎಷ್ಟೇ ಕಹಿಯಾಗಿದ್ದರೂ ಹಕ್ಕಿನ ಒಳಗೇ ಇವೆ, ಪ್ರಚೋದನೆಯ ಹಂತ ಮುಟ್ಟಿದಾಗಷ್ಟೇ ಕಾನೂನು ಕೈ ಹಾಕಬಹುದು. ಆದರೂ ಪೊಲೀಸರು ಸತ್ತ ಸೆಕ್ಷನ್ ಅಡಿಯಲ್ಲೇ ಕೇಸು ಹಾಕುತ್ತಿದ್ದರು. ಅದನ್ನು ನಿಲ್ಲಿಸಿ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಮತ್ತೆ ಹೇಳಬೇಕಾಯಿತು.

ನಾಲ್ಕು ದಾರಿಗಳು

1. ಕಂಪನಿಯ ನಿಯಮ. ಬಹಳಷ್ಟು ಪೋಸ್ಟ್‌ಗಳು ಹೋಗುವುದು ಇದೇ ದಾರಿಯಲ್ಲಿ. ಕಂಪನಿಯ ನಿಯಮಗಳು ಸಂವಿಧಾನದ ಪಟ್ಟಿಗಿಂತ ಬಿಗಿಯಾಗಿವೆ, ಮೊದಲ ಜರಡಿ ಹಿಡಿಯುವುದು ಹೆಚ್ಚಾಗಿ ಯಂತ್ರ. ಜಾತಿ ನಿಂದನೆಗೆ ಗುರಿಯಾದವರು ತಮ್ಮನ್ನು ಹೇಗೆ ಬೈದರೆಂದು ಅದೇ ಪದ ಬಳಸಿ ಬರೆದರೆ, ಅದನ್ನೂ ಯಂತ್ರ ಬೈಗುಳವೆಂದೇ ಎಣಿಸಬಹುದು. ಯಾರಿಗೂ ನೋವಾಗಬಾರದೆಂದು ಮಾಡಿದ ನಿಯಮ ಹೀಗೆ ನೊಂದವರ ಬಾಯಿಯನ್ನೇ ಮುಚ್ಚಿಸುತ್ತದೆ.

2. ಸೆಕ್ಷನ್ 69ಎ. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಈ ಸೆಕ್ಷನ್ ಅಡಿಯಲ್ಲಿ ಕೇಂದ್ರ ಸರ್ಕಾರ ಪೋಸ್ಟ್, ಖಾತೆ ಅಥವಾ ಜಾಲತಾಣವನ್ನು ನಿರ್ಬಂಧಿಸಬಹುದು. ಭದ್ರತೆ, ಸುವ್ಯವಸ್ಥೆಯಂಥ ಕಾರಣಗಳಷ್ಟೇ ಇಲ್ಲಿ ಸಲ್ಲುತ್ತವೆ, ಮಾನಹಾನಿ ಸಲ್ಲುವುದಿಲ್ಲ. 2009ರ ನಿಯಮಗಳ ಪ್ರಕಾರ ಕಾರಣವನ್ನು ಬರೆದಿಡಬೇಕು, ಸಮಿತಿ ಪರಿಶೀಲಿಸಬೇಕು, ಉತ್ತರಿಸಲು ಕನಿಷ್ಠ 48 ಗಂಟೆ ಕೊಡಬೇಕು. ತುರ್ತು ಸಂದರ್ಭದಲ್ಲಿ ಮೊದಲು ನಿರ್ಬಂಧಿಸಿ ಆಮೇಲೆ ಸಮಿತಿಯ ಮುಂದಿಡಬಹುದು. ಆದರೆ 16ನೇ ನಿಯಮ ಇಡೀ ಪ್ರಕ್ರಿಯೆಯನ್ನು ಗೌಪ್ಯವಾಗಿಡುತ್ತದೆ. ಇಂಥ ಆದೇಶಗಳನ್ನು ಪ್ರಶ್ನಿಸಿದ್ದ ಟ್ವಿಟರ್‌ನ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2023ರ ಜೂನ್ 30ರಂದು ವಜಾ ಮಾಡಿ, 50 ಲಕ್ಷ ರೂಪಾಯಿ ದಂಡ ಹಾಕಿತು.

3. ಸೆಕ್ಷನ್ 79(3)(ಬಿ) ಮತ್ತು ಸಹಯೋಗ್ ಪೋರ್ಟಲ್. ಬಳಕೆದಾರ ಬರೆದದ್ದಕ್ಕೆ ಕಂಪನಿ ಹೊಣೆಯಲ್ಲ ಎಂಬ ರಕ್ಷಣೆಯನ್ನು 79ನೇ ಸೆಕ್ಷನ್ ಕೊಡುತ್ತದೆ. ಸರ್ಕಾರ ತಿಳಿಸಿದ ಮೇಲೂ ತೆಗೆಯದಿದ್ದರೆ ಆ ರಕ್ಷಣೆ ಹೋಗುತ್ತದೆ. 2024ರಲ್ಲಿ ಕೇಂದ್ರ ಗೃಹ ಸಚಿವಾಲಯ ತಂದ ಸಹಯೋಗ್ ಮೂಲಕ ರಾಜ್ಯಗಳ ಪೊಲೀಸರೂ ಇಂಥ ಸೂಚನೆ ಕಳಿಸಬಹುದು. ಎಕ್ಸ್ (ಹಿಂದಿನ ಟ್ವಿಟರ್) ಕಂಪನಿ ಇದನ್ನು ಪ್ರಶ್ನಿಸಿತು, 2025ರ ಸೆಪ್ಟೆಂಬರ್ 24ರಂದು ಕರ್ನಾಟಕ ಹೈಕೋರ್ಟ್ ಆ ಅರ್ಜಿಯನ್ನೂ ವಜಾ ಮಾಡಿತು. ಬಳಿಕ ತಿದ್ದಿದ ನಿಯಮದಂತೆ ಜಂಟಿ ಕಾರ್ಯದರ್ಶಿ ಅಥವಾ, ಪೊಲೀಸರಾದರೆ, ಡಿಐಜಿ ದರ್ಜೆಗಿಂತ ಕೆಳಗಿನವರು ಸಾಮಾನ್ಯವಾಗಿ ಸೂಚನೆ ಕೊಡುವಂತಿಲ್ಲ. ಪಾಲಿಸಲು ಇದ್ದ 36 ಗಂಟೆಯ ಗಡುವು 2026ರ ಫೆಬ್ರವರಿಯಲ್ಲಿ 3 ಗಂಟೆಗೆ ಇಳಿಯಿತು. ಮೂರು ಗಂಟೆಯಲ್ಲಿ ಯಾವ ಕಂಪನಿಯೂ ವಕೀಲರನ್ನು ಕೂರಿಸಿ ಯೋಚಿಸುವುದಿಲ್ಲ, ತೆಗೆದು ಕೈ ತೊಳೆದುಕೊಳ್ಳುತ್ತದೆ.

4. ನ್ಯಾಯಾಲಯದ ತಡೆಯಾಜ್ಞೆ. 2025ರ ಜುಲೈನಲ್ಲಿ ಧರ್ಮಸ್ಥಳದಲ್ಲಿ ಶವಗಳನ್ನು ಗುಟ್ಟಾಗಿ ಹೂಳಲಾಗಿದೆ ಎಂಬ ಆರೋಪದ ಸುದ್ದಿಗಳ ಬಗ್ಗೆ ಬೆಂಗಳೂರಿನ ಸಿವಿಲ್ ನ್ಯಾಯಾಲಯ ಏಕಪಕ್ಷೀಯ ಮಧ್ಯಂತರ ಆದೇಶ ಕೊಟ್ಟಿತು. ಎದುರು ಪಕ್ಷದ ಮಾತು ಕೇಳುವ ಮುನ್ನವೇ 8,842 ಲಿಂಕ್‌ಗಳು ಅದರ ವ್ಯಾಪ್ತಿಗೆ ಬಂದವು. ಅದರಲ್ಲಿ 4,140 ಯೂಟ್ಯೂಬ್ ವಿಡಿಯೊಗಳು, 108 ಸುದ್ದಿ ಲೇಖನಗಳಿದ್ದವು. ಒಂದು ಯೂಟ್ಯೂಬ್ ಚಾನೆಲ್ ಹೈಕೋರ್ಟ್‌ಗೆ ಹೋಯಿತು. ಆಗಸ್ಟ್ 1ರಂದು ಅದರ ಮಟ್ಟಿಗೆ ಆದೇಶ ರದ್ದಾಯಿತು.

ನೀವು ಏನು ಮಾಡಬಹುದು?

ಮೊದಲು ಲಿಂಕ್, ಸ್ಕ್ರೀನ್‌ಶಾಟ್, ದಿನಾಂಕ ಮತ್ತು ಕಂಪನಿ ಕಳಿಸಿದ ಇಮೇಲ್ ಇಟ್ಟುಕೊಳ್ಳಿ. ತೆಗೆದದ್ದು ಕಂಪನಿಯಾದರೆ ಅದರ ಕುಂದುಕೊರತೆ ಅಧಿಕಾರಿಗೆ ದೂರು ಕೊಡಿ. ಉತ್ತರ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಕೇಂದ್ರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಆನ್‌ಲೈನ್‌ನಲ್ಲೇ ಮನವಿ ಸಲ್ಲಿಸಬಹುದು. ಸರ್ಕಾರದ ಆದೇಶವಾಗಿದ್ದರೆ ಯಾವ ಸೆಕ್ಷನ್, ಯಾವ ಅಧಿಕಾರಿ, ಏನು ಕಾರಣ ಎಂದು ಲಿಖಿತವಾಗಿ ಕೇಳಿ. ಉತ್ತರ ಬಾರದಿದ್ದರೆ 226ನೇ ವಿಧಿಯಡಿ ಹೈಕೋರ್ಟ್‌ಗೆ ರಿಟ್ ಹಾಕಬಹುದು. ಏಕಪಕ್ಷೀಯ ತಡೆಯಾಜ್ಞೆಯಾದರೆ ಅದನ್ನು ಕೊಟ್ಟ ನ್ಯಾಯಾಲಯಕ್ಕೇ ತೆರವಿನ ಅರ್ಜಿ ಸಲ್ಲಿಸಬಹುದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೇ ಆದೇಶದ 4ನೇ ನಿಯಮದಲ್ಲಿ ಇದಕ್ಕೆ ಅವಕಾಶವಿದೆ.

ತೆಗೆಯಲೇಬೇಕಾದವು ಖಂಡಿತ ಇವೆ: ಮಕ್ಕಳ ಲೈಂಗಿಕ ಶೋಷಣೆಯ ಚಿತ್ರಗಳು, ಒಪ್ಪಿಗೆಯಿಲ್ಲದೆ ಹರಿಬಿಟ್ಟ ಖಾಸಗಿ ವಿಡಿಯೊಗಳು, ಒಂದು ಸಮುದಾಯದ ಮೇಲೆ ಹಲ್ಲೆಗೆ ಕರೆ. ಅವುಗಳಿಗೆ ಕಾರಣ ಬರೆಯಲು ಯಾವ ಅಧಿಕಾರಿಗೂ ಕಷ್ಟವಿಲ್ಲ. ಕಾರಣ ಬರೆಯಲು ಹಿಂಜರಿಯುವ ಆದೇಶವೇ ಅನುಮಾನ ಹುಟ್ಟಿಸುತ್ತದೆ. ಬರೆದವರಿಗೆ ನೋಟಿಸ್, ಕೈಗೆ ಆದೇಶದ ಪ್ರತಿ, ಉತ್ತರಿಸಲು ಸಮಯ: ಇಷ್ಟು ಕೊಟ್ಟರೆ ಯಾವ ದೇಶದ ಭದ್ರತೆಯೂ ಕುಸಿಯುವುದಿಲ್ಲ. ಇಷ್ಟನ್ನೂ ಕೊಡದೆ ಮಾತು ಅಳಿಸುವ ವ್ಯವಸ್ಥೆ ಇಂದು ನಮಗೆ ಹಿಡಿಸದವರ ಮೇಲೆ ಬಳಕೆಯಾದಾಗಲೂ ನಾವು ಅದನ್ನು ಪ್ರಶ್ನಿಸಬೇಕು. ಸರ್ಕಾರ ಬದಲಾಗುತ್ತದೆ, ಆದರೆ ಅದು ಗಳಿಸಿಕೊಂಡ ಅಧಿಕಾರ ಮುಂದಿನವರ ಕೈಗೆ ಹಾಗೇ ದಾಟುತ್ತದೆ.