ಗೋಲಿನ ಲೆಕ್ಕಕ್ಕೆ ಸಿಗದ ಅಹ್ಮದ್ ಖಾನ್

ವಿಶ್ವಕಪ್ ಬಂದರೆ ಬಂಟ್ವಾಳದಿಂದ ಮೂಡುಬಿದಿರೆವರೆಗೆ ಆರ್ಜೆಂಟೀನಾ, ಬ್ರೆಜಿಲ್ ಫ್ಲೆಕ್ಸ್‌ಗಳು ಏಳುತ್ತವೆ. ಮೆಸ್ಸಿಯ ಗೋಲುಗಳನ್ನು ಬಾಯಿಪಾಠ ಒಪ್ಪಿಸುವವರು ನಮ್ಮ ಕ್ಲಾಸಿನಲ್ಲಿದ್ದಾರೆ. ಒಲಿಂಪಿಕ್ಸ್‌ನಲ್ಲಿ ಗೋಲು ಹೊಡೆದ ಬೆಂಗಳೂರಿನ ಅಹ್ಮದ್ ಖಾನ್ ಎಂದರೆ ಮಾತ್ರ "ಅದು ಯಾರು ಮಾರಾಯ?" ಎನ್ನುತ್ತಾರೆ.

1926ರಲ್ಲಿ ಹುಟ್ಟಿದ ಅವರು ಆಡುತ್ತಿದ್ದ ಜಾಗ ಇನ್‌ಸೈಡ್ ಲೆಫ್ಟ್. ಆ ಕಾಲದ ತಂಡದಲ್ಲಿ ಐವರು ಫಾರ್ವರ್ಡ್‌ಗಳು. ಎರಡು ತುದಿಗೆ ಇಬ್ಬರು, ನಡುವೆ ಒಬ್ಬ, ಇವರ ಮಧ್ಯೆ ಸ್ವಲ್ಪ ಹಿಂದೆ ಇಬ್ಬರು 'ಇನ್‌ಸೈಡ್'ಗಳು. ಎದುರಾಳಿಗಳನ್ನು ತನ್ನತ್ತ ಎಳೆದು, ಚೆಂಡನ್ನು ಬಿಡುವಾಗಿ ನಿಂತವನಿಗೆ ಕೊಡುವುದೇ ಇನ್‌ಸೈಡ್ ಆಟಗಾರನ ಮುಖ್ಯ ಕೆಲಸ. ಕಾಮರ್ಸ್ ಭಾಷೆಯಲ್ಲಿ ಹೇಳುವುದಾದರೆ, ಗೋಲು ಇನ್ನೊಬ್ಬನ ಖಾತೆಗೆ ಜಮಾ ಆಗುತ್ತದೆ. ದುಡಿದವನ ಹೆಸರು ಲೆಡ್ಜರಿನಲ್ಲೇ ಇರುವುದಿಲ್ಲ.

1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಫ್ರಾನ್ಸ್ ಎದುರಾಳಿ. ನಮ್ಮವರಲ್ಲಿ ಹೆಚ್ಚಿನವರದು ಬರಿಗಾಲು. ಎರಡು ಪೆನಾಲ್ಟಿ ವ್ಯರ್ಥವಾದವು. 70ನೇ ನಿಮಿಷದಲ್ಲಿ ಬೆಂಗಳೂರಿನವರೇ ಆದ ಸಾರಂಗಪಾಣಿ ರಾಮನ್ ಗೋಲು ಹೊಡೆದು 1-1 ಮಾಡಿದರು. ಆಗ ನಮ್ಮ ದೇಶದ ಪಂದ್ಯಗಳು 70 ನಿಮಿಷಕ್ಕೇ ಮುಗಿಯುತ್ತಿದ್ದವು. ಅಲ್ಲಿ 90 ನಿಮಿಷ. ಫ್ರಾನ್ಸ್ ಗೆಲುವಿನ ಗೋಲು ಹೊಡೆದದ್ದು 89ನೇ ನಿಮಿಷದಲ್ಲಿ!

ಮರುವರ್ಷ ಅಹ್ಮದ್ ಖಾನ್ ಕಲ್ಕತ್ತಾದ ಈಸ್ಟ್ ಬೆಂಗಾಲ್ ಸೇರಿದರು. ವೆಂಕಟೇಶ್, ಅಪ್ಪಾ ರಾವ್, ಧನರಾಜ್, ಸಾಲೆ ಜೊತೆ ಇವರನ್ನೂ ಸೇರಿಸಿ ಜನ 'ಪಂಚಪಾಂಡವರು' ಎಂದು ಕರೆದರು. 1949, 1950, 1951, ಮೂರು ವರ್ಷವೂ ಐಎಫ್‌ಎ ಶೀಲ್ಡ್ ಇವರ ತಂಡಕ್ಕೇ. ಐವರೂ ದಕ್ಷಿಣದವರು, ಬಂಗಾಳಿ ಒಬ್ಬರೂ ಇಲ್ಲ. ಮೈದಾನದಲ್ಲಿ ಯಾವ ಭಾಷೆಯಲ್ಲಿ ಕೂಗುತ್ತಿದ್ದರೋ! ನಮ್ಮ ತಂಡದಲ್ಲಂತೂ ತುಳು, ಬ್ಯಾರಿ, ಕನ್ನಡ, ನಮ್ಮ ಮನೆಯ ಉರ್ದು ಎಲ್ಲವೂ ನಡೆಯುತ್ತದೆ.

1951ರಲ್ಲಿ ದೆಹಲಿಯ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ತಂಡದಲ್ಲೂ ಅವರಿದ್ದರು. ಮುಂದಿನ ವರ್ಷ ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯ ನಮ್ಮನ್ನು 10-1ರಿಂದ ಸೋಲಿಸಿತು. ಆ ಒಂದು ಗೋಲು ಅಹ್ಮದ್ ಖಾನ್ ಅವರದು. ಅದೂ ಪಂದ್ಯ ಮುಗಿಯುವ ಹೊತ್ತಿಗೆ. ಹತ್ತು ಗೋಲು ತಿಂದ ಮೇಲೂ ಎದುರಿನ ಗೋಲಿನತ್ತ ಓಡುವುದು ನನಗೆ ಶೀಲ್ಡ್‌ಗಿಂತ ದೊಡ್ಡದಾಗಿ ಕಾಣುತ್ತದೆ.

ಆ ಸೋಲಿನ ನಂತರ ಭಾರತದ ಫುಟ್‌ಬಾಲ್ ಸಂಸ್ಥೆ ಬೂಟು ಕಡ್ಡಾಯ ಮಾಡಿತು. ಮಾಡಿದ್ದು ಸರಿಯೇ, ಬರಿಗಾಲನ್ನು ಹೊಗಳುವವರು ಒದ್ದೆ ನೆಲದಲ್ಲಿ ಒಮ್ಮೆ ಆಡಿ ನೋಡಲಿ. ಆದರೆ ಬೂಟಿಲ್ಲವೆಂದು ಸೆಲೆಕ್ಷನ್‌ಗೇ ಬಾರದ ಇಬ್ಬರು ನಮ್ಮ ಕ್ಲಾಸಿನಲ್ಲಿದ್ದಾರೆ. ಇಬ್ಬರೂ ಪಾಸ್ ಕೊಡುವುದರಲ್ಲಿ ನಿಪುಣರು. ಸ್ಪೋರ್ಟ್ಸ್ ರೂಮಿನಲ್ಲಿ ನಾಲ್ಕು ಜೊತೆ ಬೂಟು ಇಟ್ಟರೆ ಸಾಕು, ಅವರು ಬರುತ್ತಾರೆ.

ಅಹ್ಮದ್ ಖಾನ್ ಬೂಟು ಹಾಕಿಕೊಂಡೂ ಆಡಿದರು, 1959ರವರೆಗೆ ಈಸ್ಟ್ ಬೆಂಗಾಲ್‌ನಲ್ಲೇ. 2017ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡಾಗ ಅವರಿಗೆ 90 ವರ್ಷ.